ಮಾರಿದ ಚಿತ್ರದಲ್ಲಿ ನನಗೂ ಪಾಲಿದೆಯಾ?

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದೆ ನಾನು ಬಿಡಿಸಿದ ಕಾಮಿಕ್ಸ್‌ನ ಮೂಲ ಹಾಳೆಯೊಂದನ್ನು ಹಂಪನಕಟ್ಟೆಯ ಒಬ್ಬರಿಗೆ 500 ರೂಪಾಯಿಗೆ ಕೊಟ್ಟಿದ್ದೆ. ತಪ್ಪಿದ ಗೆರೆಗೆ ಬಿಳಿ ಬಣ್ಣ ಹಚ್ಚಿದ ಗುರುತು ಈಗಲೂ ಅದರಲ್ಲಿದೆ. ಮೊನ್ನೆ ಅವರು ಅದನ್ನು 40,000ಕ್ಕೆ ಮಾರಿದರಂತೆ. ನನಗೇನೂ ಇಲ್ವಾ?
– ಓದುಗರೊಬ್ಬರು, ಉಡುಪಿ

ಉತ್ತರ: ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಇರುವುದೇ ಇದಕ್ಕೆ. ಮೂಲ ಚಿತ್ರ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ, ಕೃತಿಸ್ವಾಮ್ಯವನ್ನು ನೀವು ಬೇರೆಯವರಿಗೆ ಬರೆದುಕೊಟ್ಟಿದ್ದರೂ ಸರಿ, ನಿಮಗೆ ಪಾಲು ಸಿಗಬೇಕು. ಅದು ಶೇ. 10 ಮೀರುವಂತಿಲ್ಲ, ಅಂದರೆ ಹೆಚ್ಚೆಂದರೆ 4,000. ಕಡಿಮೆಯೇ ಅನ್ನಿ. ಆದರೆ ಮೊದಲ ಹಕ್ಕುದಾರರು ನೀವೇ ಆಗಿರಬೇಕು. ಸಂಬಳಕ್ಕಿದ್ದು ಬಿಡಿಸಿದ್ದರೆ ಆ ಹಕ್ಕು ಕೆಲಸ ಕೊಟ್ಟವರದ್ದಾಗಿರಬಹುದು, ಹಳೆಯ ಒಪ್ಪಂದ ತೆಗೆದು ನೋಡಿ. ಕೇಳಲು ಸಂಕೋಚ ಯಾಕೆ, ರಾತ್ರಿಯೆಲ್ಲಾ ಕೂತು ಗೆರೆ ಎಳೆದವರು ನೀವಲ್ವಾ? ಮಾರಿದವರಿಗೆ ಮೊದಲು ಒಂದು ಪತ್ರ ಬರೆಯಿರಿ.