ಶೂಟಿಂಗ್ ಗೇಮ್‌ನಲ್ಲಿ ಗುಂಡಿನ ಹಾರಾಟ ಎಷ್ಟು ನೈಜವಾಗಿರಬೇಕು?

ನೀವು ಗೇಮ್ ಮಾಡುತ್ತಿದ್ದರೆ ಮ್ಯಾಪ್, ಅಂದರೆ ಆಟ ನಡೆಯುವ ಜಾಗ, ಎಷ್ಟು ದೊಡ್ಡದು ಅಂತ ಮೊದಲು ನೋಡಿ. ಸೆಕೆಂಡಿಗೆ 900 ಮೀಟರ್ ಹೋಗುವ ಗುಂಡು 30 ಮೀಟರ್ ದಾಟೋದು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಕೌಂಟರ್-ಸ್ಟ್ರೈಕ್ ಗೇಮ್‌ನಲ್ಲಿ ಟ್ರಿಗರ್ ಒತ್ತಿದ ಕೂಡಲೇ ಒಂದು ನೇರ ಗೆರೆ ಎಳೆದು, ಯಾರಿಗೆ ತಾಗಿತು ಅಂತ ನೋಡುತ್ತಾರೆ, ಅಷ್ಟೇ.

300 ಮೀಟರ್ ಆದರೆ ಮಾತೇ ಬೇರೆ. ಗುಂಡು ತಲುಪುವಷ್ಟರಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ ಕಳೆದಿರುತ್ತದೆ, ಗುಂಡು ಅರ್ಧ ಮೀಟರ್‌ಗಿಂತ ಜಾಸ್ತಿ ಕೆಳಗಿಳಿದಿರುತ್ತದೆ. ಪಬ್‌ಜಿಯಲ್ಲಿ ಸ್ವಲ್ಪ ಮೇಲಕ್ಕೆ ಗುರಿ ಇಡುವ ಮಜಾ ಇದೇ ಅಲ್ವಾ? ಹಾಗಾಗಿ ವೇಗ, ಗುರುತ್ವ ಇಟ್ಟುಕೊಳ್ಳಿ. ಗುಂಡಿನ ತಿರುಗುವಿಕೆಯಂಥ, ಆಡುವವರಿಗೆ ಗೊತ್ತೇ ಆಗದ ಲೆಕ್ಕ ಸುಮ್ನೆ ಯಾಕೆ?

ಒಂದು ಎಚ್ಚರ. ಗೇಮ್ ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ತೋರಿಸುತ್ತಿದ್ದರೆ ಗುಂಡು ಪ್ರತಿ ಫ್ರೇಮ್‌ಗೆ 15 ಮೀಟರ್ ಜಿಗಿಯುತ್ತದೆ, ನಡುವೆ ತೆಳು ಗೋಡೆ ಇದ್ದರೂ ತಾಗದೆ ದಾಟಿಯೇ ಬಿಡುತ್ತದೆ. ಹಿಂದಿನ ಜಾಗದಿಂದ ಈಗಿನ ಜಾಗಕ್ಕೆ ಪ್ರತಿ ಸಲವೂ ಗೆರೆ ಎಳೆದು ತಪಾಸಣೆ ಮಾಡಿ.