ಅಜ್ಜನಿಗೆ ಇಲ್ಲದ ಪದಕ ಯಾಕೆ ತೊಡಿಸುತ್ತೀರಿ?

ಓದುಗರ ಪತ್ರ: ನಮ್ಮ ಅಜ್ಜ ನಾಪೋಕ್ಲು ಕಡೆಯ ಕೃಷಿಕರು. 1963ರಲ್ಲಿ ಹೋಂ ಗಾರ್ಡ್ಸ್ ಸೇರಿದ್ದರು. 1971ರ ಯುದ್ಧದ ಸಮಯದಲ್ಲಿ ರಾತ್ರಿ ಸೇತುವೆ ಕಾವಲಿಗೆ ಹೋಗುತ್ತಿದ್ದರಂತೆ. ಗಡಿ ನೋಡಿದವರಲ್ಲ, ತಾವು ಸೈನಿಕ ಎಂದು ಹೇಳಿಕೊಂಡವರೂ ಅಲ್ಲ. ಸರ್ಕಾರದ ಗುರುತೂ ಸಿಗಲಿಲ್ಲ. ಈಗ ಕುಟುಂಬದವರು ಅವರ ಬಗ್ಗೆ ಒಂದು ಪುಸ್ತಿಕೆ ತರುತ್ತಿದ್ದೇವೆ. ದೊಡ್ಡಪ್ಪನ ಮಗ ಅದರಲ್ಲಿ ‘ವೀರ ಯೋಧ’ ಎಂದು ಬರೆದಿದ್ದಾರೆ. ಹಾಗೆ ಬರೆಯಬಹುದಾ? ಬರೆಯದಿದ್ದರೆ ಹೇಳಿಕೊಳ್ಳಲು ಇನ್ನೇನಿದೆ?

ಸಂಪಾದಕರ ಉತ್ತರ:

ಬರೆಯಬಾರದು. ಹೋಂ ಗಾರ್ಡ್ ಸೈನಿಕರಲ್ಲ. ನಿಮ್ಮ ಅಜ್ಜನೂ ಹಾಗೆ ಹೇಳಿಕೊಂಡಿರಲಿಲ್ಲ ಎಂದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ಅವರು ಹೇಳದ್ದನ್ನು ಮೊಮ್ಮಕ್ಕಳು ಯಾಕೆ ಹೇಳಬೇಕು? ಆದರೆ ‘ಇನ್ನೇನಿದೆ’ ಎಂದು ಕೇಳಿದ್ದೀರಲ್ಲ, ಅದಕ್ಕೆ ಸ್ವಲ್ಪ ಸಿಟ್ಟು ಬಂತು.

ನಿಮ್ಮ ಅಣ್ಣನ ಕಷ್ಟ ಅರ್ಥವಾಗುತ್ತದೆ. ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯನವರ ಕೊಡಗು ಜಿಲ್ಲೆ ನಮ್ಮದು. ಯಾವ ಊರಿಗೆ ಹೋದರೂ ಒಬ್ಬ ಸುಬೇದಾರ್ ಸಿಗುತ್ತಾರೆ. ಇಂಥ ಕಡೆ ಸೇತುವೆ ಕಾದವರ ಕಥೆ ಸಪ್ಪೆ ಅನ್ನಿಸುವುದು ಸಹಜ. ಅದಕ್ಕೇ ಒಂಚೂರು ಮಸಾಲೆ ಹಾಕಿದ್ದಾರೆ, ಅಷ್ಟೆ.

ಹೋಂ ಗಾರ್ಡ್ಸ್ ಶುರುವಾದದ್ದು 1946ರ ಡಿಸೆಂಬರ್‌ನಲ್ಲಿ, ಮುಂಬೈಯಲ್ಲಿ. 1962ರ ಚೀನಾ ಯುದ್ಧ ದೇಶವನ್ನೇ ಅಲ್ಲಾಡಿಸಿತು. ಆಗ ಕೇಂದ್ರ ಸರ್ಕಾರ, ಎಲ್ಲ ರಾಜ್ಯಗಳಲ್ಲೂ ಒಂದೇ ರೀತಿಯ ಸ್ವಯಂಸೇವಕ ದಳ ಇರಲಿ ಎಂದು ಹೇಳಿತು. ನಮ್ಮ ರಾಜ್ಯದ ಕಾನೂನು ಕೂಡ 1962ರದ್ದೇ. ಆಮೇಲಿನ ವರ್ಷ ನಿಮ್ಮ ಅಜ್ಜ ಸೇರಿದ್ದಾರೆ. ಸಂಬಳದ ಕೆಲಸ ಅದಲ್ಲ. ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ. ಉಳಿದ ದಿನ ಗದ್ದೆ, ತೋಟ.

ಪುಸ್ತಿಕೆಗೆ ಬೇಕಾದದ್ದು ಇರುವುದು ಇಲ್ಲೇ. 1971ರ ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ. ಕೊಡಗಿನ ಕೃಷಿಕನಿಗೆ ಡಿಸೆಂಬರ್ ಎಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಹುತ್ತರಿ, ಅಂದರೆ ಸುಗ್ಗಿ ಹಬ್ಬದ ಸಮಯ. ಗದ್ದೆಯಲ್ಲಿ ಕೊಯ್ಲು, ಕಣದಲ್ಲಿ ಭತ್ತ. ತೋಟದಲ್ಲಿ ಅರೇಬಿಕಾ ಹಣ್ಣಾಗಿ ನಿಂತಿರುತ್ತದೆ. ಬಿಟ್ಟರೆ ಉದುರುತ್ತದೆ. ಹಗಲಿಡೀ ದುಡಿದವರು ರಾತ್ರಿ ಆ ಚಳಿಯಲ್ಲಿ ಸೇತುವೆ ಮೇಲೆ ನಿಲ್ಲಬೇಕು. ಬೆಳಗ್ಗೆ ಮತ್ತೆ ತೋಟಕ್ಕೆ. ಅವರಿಲ್ಲದ ಹೊತ್ತಿನಲ್ಲಿ ಕಣ ನೋಡಿಕೊಂಡವರು ಯಾರು? ಆಳುಗಳಿಗೆ ಕೂಲಿ ಲೆಕ್ಕ ಹಾಕಿ ಕೊಟ್ಟವರು ಯಾರು? ಅಜ್ಜಿಯೇ ಇರಬೇಕು. ನಿಮ್ಮ ಪತ್ರದಲ್ಲಿ ಅವರ ಹೆಸರೇ ಇಲ್ಲ. ಅಜ್ಜಿ ಇದ್ದರೆ ಇವತ್ತೇ ಹೋಗಿ ಕೇಳಿ. ಇಲ್ಲದಿದ್ದರೆ ಆ ವರ್ಷ ಹಣ್ಣು ಕೊಯ್ದವರಲ್ಲಿ ಯಾರಾದರೂ ಇದ್ದಾರಾ ಹುಡುಕಿ.

ಹಳೆಯ ಟ್ರಂಕು ತೆಗೆದರೆ ಕಾಫಿ ಬೋರ್ಡಿನ ರಸೀದಿ ಸಿಗಬಹುದು. ಅದನ್ನೂ ಬಿಡಬೇಡಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ನಮ್ಮ ಕಾಫಿ ಕೊಳ್ಳುವವರಿಲ್ಲದಂತಾಯಿತು. ಆಗ ಬಂದದ್ದು ಪೂಲ್ ಪದ್ಧತಿ. 1942ರಲ್ಲಿ ಅದಕ್ಕೊಂದು ಕಾನೂನೂ ಆಯಿತು. ಬೆಳೆದ ಕಾಫಿಯನ್ನು ಬೋರ್ಡಿನ ಪೂಲ್‌ಗೆ, ಅಂದರೆ ಒಟ್ಟು ಸಂಗ್ರಹಕ್ಕೆ, ಕೊಡಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಯುದ್ಧ ಮುಗಿದರೂ ಪೂಲ್ ಮುಗಿಯಲಿಲ್ಲ, 1990ರ ದಶಕದವರೆಗೂ ಇತ್ತು. ಅಂದರೆ ಸೇತುವೆಗೆ ಹೋಗುವ ಎಷ್ಟೋ ಮೊದಲೇ ನಿಮ್ಮ ಅಜ್ಜನ ಮನೆಯ ಲೆಕ್ಕದೊಳಗೆ ಒಂದು ಯುದ್ಧ ಬಂದು ಕೂತಿತ್ತು.

ಕೋವಿಯ ವಿಷಯವೂ ಕೇಳಿಕೊಳ್ಳಿ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. ಮನೆಯಲ್ಲಿ ಕೋವಿ ಇದ್ದವರು ಡ್ಯೂಟಿಗೆ ಏನು ಹಿಡಿದು ಹೋಗುತ್ತಿದ್ದರು? ಬರೀ ಟಾರ್ಚಾ? ನನಗಂತೂ ಇದನ್ನು ಓದುವ ಆಸೆ.

ಊರಲ್ಲೇ ಉಳಿದು ಕಾವಲು ಕಾದದ್ದು ಸಣ್ಣ ಕೆಲಸ ಅನ್ನುವವರಿಗೆ ಬ್ರಿಟನ್ನಿನ ಕಥೆ ಹೇಳಿ. 1940ರ ಮೇ 14ರಂದು ಅಲ್ಲಿನ ಯುದ್ಧ ಸಚಿವ ಆಂಥೊನಿ ಈಡನ್ ರೇಡಿಯೊದಲ್ಲಿ ಕರೆ ಕೊಟ್ಟರು. 17ರಿಂದ 65 ವಯಸ್ಸಿನ ಗಂಡಸರು ಊರು ಕಾಯಲು ಬನ್ನಿ ಎಂದರು. ಲಕ್ಷಗಟ್ಟಲೆ ಜನ ಬಂದರು. ಶುರುವಿನಲ್ಲಿ ತೋಳಿಗೊಂದು ಪಟ್ಟಿ, ಕೈಯಲ್ಲಿ ಬೇಟೆಯ ಕೋವಿ, ಅಷ್ಟೇ. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಜರ್ಮನ್ನರು ಇಳಿದೇಬಿಟ್ಟರೆ ಹಿಂದಿನಿಂದ ಕಾಟ ಕೊಡಲು ಒಂದು ಗುಟ್ಟಿನ ಪಡೆ ಕಟ್ಟಿದ್ದರು. ಅದಕ್ಕೆ ಆರಿಸಿದವರಲ್ಲಿ ರೈತರು ಜಾಸ್ತಿ. ಕಾಡು, ತೋಡು, ಕಾಲುದಾರಿ ಕತ್ತಲಲ್ಲೂ ಗೊತ್ತಿರುವುದು ಅವರಿಗೇ ಅಲ್ವಾ? ನೆಲದಡಿ ಅಡಗುತಾಣ ತೋಡಿಕೊಂಡಿದ್ದರು. ಹೆಂಡತಿಗೂ ಹೇಳುವಂತಿರಲಿಲ್ಲ. ಜರ್ಮನ್ನರು ಬರಲೇ ಇಲ್ಲ. ಆ ರೈತರಲ್ಲಿ ಎಷ್ಟೋ ಮಂದಿ ಬಾಯಿ ಬಿಡದೆಯೇ ತೀರಿಕೊಂಡರು. ಅವರನ್ನು ಯಾರೂ ‘ಯುದ್ಧ ಮಾಡದವರು’ ಎಂದು ತಳ್ಳಿಹಾಕುವುದಿಲ್ಲ.

ಇನ್ನು ಸರ್ಕಾರದ ಗುರುತು ಸಿಕ್ಕಿಲ್ಲ ಎಂದು ಕೊರಗಿದ್ದೀರಿ. ನಮ್ಮವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ಜೀವ ಕೊಟ್ಟರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಗಡಿಯಾಚೆ ಹೋರಾಡಿದವರ ಗತಿಯೇ ಹೀಗೆ. ಸೇತುವೆ ಕಾದವರಿಗೆ ಯಾರೂ ಹುಡುಕಿಕೊಂಡು ಬಂದು ಪದಕ ಕೊಡುವುದಿಲ್ಲ. ಮನೆಯವರೇ ಬರೆಯಬೇಕು.

ಮಡಿಕೇರಿಯಲ್ಲಿ ಹೋಂ ಗಾರ್ಡ್ಸ್ ಜಿಲ್ಲಾ ಸಮಾದೇಷ್ಟರ (ಕಮಾಂಡೆಂಟ್) ಕಚೇರಿಯಲ್ಲಿ ವಿಚಾರಿಸಿ. ಹಳೆಯ ಕಡತ ಇದ್ದರೆ ಸೇರಿದ ತಾರೀಕು ಸಿಗುತ್ತದೆ. ‘ವೀರ ಯೋಧ’ ಹೊಡೆದುಹಾಕಿ, ‘ಕೃಷಿಕ, ಹೋಂ ಗಾರ್ಡ್’ ಎಂದು ಹಾಕಿ. ಪುಸ್ತಿಕೆ ಅಚ್ಚಾಗುವ ಮೊದಲು ಆ ಡಿಸೆಂಬರ್ ತಿಂಗಳ ಭಾಗವನ್ನು ಮಾತ್ರ ನಮಗೆ ಕಳಿಸಿ, ಹುತ್ತರಿ ಸಂಚಿಕೆಗೆ ಇಟ್ಟುಕೊಳ್ಳುತ್ತೇವೆ. ರಸೀದಿ, ಫೋಟೊಗಳ ಮೂಲ ಪ್ರತಿ ಬೇಡ, ಜೆರಾಕ್ಸ್ ಸಾಕು. ಅಜ್ಜಿಯ ಫೋಟೊ ಇದ್ದರೆ ಅದೂ ಇರಲಿ.