ಬಲಗಡೆಯ ಹೃದಯ, ಬಿಡದ ಕೆಮ್ಮು

ಪ್ರಶ್ನೆ: ನಾಲ್ಕು ವರ್ಷದ ಮಗನ ಎಕ್ಸ್‌ರೇಯಲ್ಲಿ ಹೃದಯ ಬಲಗಡೆ ಕಂಡಿದೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದು ಕಾರಣವೇ? ಹುಟ್ಟಿದಾಗಿನಿಂದ ಮೂಗು ಸೋರುತ್ತದೆ, ಕಫದ ಕೆಮ್ಮೂ ಇದೆ.

ಗ್ರಹಣ ಕಾರಣವಲ್ಲ; ಆದರೂ ಗ್ರಹಣದ ಪತ್ರಗಳು ನಿಲ್ಲುವುದೇ ಇಲ್ಲ. ಕೆಮ್ಮನ್ನು ಮಾತ್ರ ಎಲ್ಲರೂ ಕೊನೆಯ ಸಾಲಿಗೆ ತಳ್ಳುತ್ತಾರೆ. ಸುಳಿವು ಇರುವುದೇ ಅಲ್ಲಿ.

ಎಡ-ಬಲ ತೀರ್ಮಾನವಾಗುವುದು ಭ್ರೂಣದ ಮೂರನೇ ವಾರದ ಆಸುಪಾಸಿನಲ್ಲಿ; ತಾಯಿಗೆ ಆಗಿನ್ನೂ ಮುಟ್ಟು ತಪ್ಪಿದ್ದೇ ಹೊಸದು. ಇಲಿಯ ಭ್ರೂಣದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ನಡುಗೆರೆಯಲ್ಲಿ ನೋಡ್ ಎಂಬ ಪುಟ್ಟ ಗುಳಿ. ಅದರ ಒಂದೊಂದು ಕೋಶಕ್ಕೂ ಒಂದೇ ಸಿಲಿಯಾ, ಅಂದರೆ ಕೂದಲೆಳೆ. ಅದು ಬಾಲದ ಕಡೆ ವಾಲಿಕೊಂಡು ಗಡಿಯಾರದ ಮುಳ್ಳಿನಂತೆ ಗಿರ್ರನೆ ತಿರುಗುತ್ತದೆ. ಬಲಕ್ಕೆ ಬರುವಾಗ ಕೋಶದ ಮೈಗೆ ಹತ್ತಿರವಾಗಿ ಶಕ್ತಿ ಕಳೆದುಕೊಳ್ಳುತ್ತದೆ, ಎಡಕ್ಕೆ ಹೋಗುವಾಗ ಮೇಲೆದ್ದು ದ್ರವವನ್ನು ತಳ್ಳುತ್ತದೆ. ಗುಳಿಯಂಚಿನ ಅಲುಗದ ಸಿಲಿಯಾಗಳು ಈ ಹರಿವನ್ನು ಗ್ರಹಿಸಿ, ಎಡಗಡೆ ಮಾತ್ರ, ಎಡಬದಿಯನ್ನು ರೂಪಿಸುವ ನೋಡಲ್ ಎಂಬ ಸಂಕೇತವನ್ನೂ ಅದರ ಹಿಂದೆಯೇ ಪಿಟ್‌ಎಕ್ಸ್2 ಜೀನನ್ನೂ ಎಬ್ಬಿಸುತ್ತವೆ. 2002ರಲ್ಲಿ ಜಪಾನಿನ ವಿಜ್ಞಾನಿಗಳು ಹರಿವನ್ನೇ ಬಲಕ್ಕೆ ತಿರುಗಿಸಿದಾಗ ಇಲಿ ಭ್ರೂಣದ ಎಡ-ಬಲ ಅದಲುಬದಲಾಯಿತು.

ಸಿಲಿಯಾ ಓಡಿಸುವ ಡೈನೀನ್ ಎಂಬ ಮೋಟಾರು ಪ್ರೋಟೀನ್ ಕೆಟ್ಟರೆ ಹರಿವಿಲ್ಲ; ಹೃದಯ ಯಾವ ಕಡೆ ಎಂಬುದು ನಾಣ್ಯ ಚಿಮ್ಮಿದಂತೆ. ಆದ್ದರಿಂದಲೇ ಸಿಲಿಯಾ ಹುಟ್ಟಿನಿಂದಲೇ ಕೆಟ್ಟಿರುವ ಈ ಕಾಯಿಲೆಯವರಲ್ಲಿ (ಹೆಸರು ಪ್ರೈಮರಿ ಸಿಲಿಯರಿ ಡಿಸ್ಕಿನೇಸಿಯಾ) ಸುಮಾರು ಅರ್ಧ ಜನರಿಗೆ ಹೃದಯ ಎಡಗಡೆಯೇ ಇರುತ್ತದೆ. ‘ಎಡಕ್ಕಿದೆ, ಬಿಡಿ’ ಎನ್ನುವವರನ್ನು ನಂಬಬೇಡಿ. ಶ್ವಾಸನಾಳದ ಕಫ ಗುಡಿಸುವುದೂ ಅದೇ ಡೈನೀನ್.

ಮೊದಲು ಹೃದಯದ ಎಕೋ ಮತ್ತು ಹೊಟ್ಟೆಯ ಸ್ಕ್ಯಾನ್ ಆಗಲಿ. ಎಲ್ಲವೂ ಕನ್ನಡಿಯಂತೆ ತಿರುಗಿದ್ದರೆ ಭಯ ಕಡಿಮೆ; ಅರ್ಧಂಬರ್ಧ ತಿರುಗಿದ್ದರೆ ಹೃದಯದ ದೋಷ ಇರಬಹುದು, ಗುಲ್ಮವೇ (ಸ್ಪ್ಲೀನ್) ಇಲ್ಲದಿರಬಹುದು. ಈ ಕಾಯಿಲೆ ಪತ್ತೆಗೆ ಮೂಗಿನ ನೈಟ್ರಿಕ್ ಆಕ್ಸೈಡ್ ಅನಿಲ ಅಳೆಯುವ ಪರೀಕ್ಷೆಗೆ ಮಗು ಉಸಿರು ಹಿಡಿಯಲು ಕಲಿತಿರಬೇಕು, ಸುಮಾರು ಐದು ವರ್ಷ. ಈಗ ಜೀನ್ ಪರೀಕ್ಷೆ ಮಾಡಿಸಿ. ಕಫ ಗಟ್ಟಿಯಾಗುವ ಇನ್ನೊಂದು ವಂಶವಾಹಿ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್ ಅಲ್ಲವೆಂದು ಖಚಿತವಾಗಲು ಬೆವರಿನ ಪರೀಕ್ಷೆಯೂ ಬೇಕು. ನೆಗಡಿ ಜೋರಿದ್ದಾಗ ಸಿಲಿಯಾ ನೋಡಲು ಮೂಗಿನಿಂದ ಬ್ರಷ್ ಮಾದರಿ ತೆಗೆಸಬೇಡಿ, ಸೋಂಕೇ ಸಿಲಿಯಾ ಹಾಳುಮಾಡಿ ದಾರಿ ತಪ್ಪಿಸುತ್ತದೆ.

ಕೆಮ್ಮು ತಡೆಯುವ ಸಿರಪ್ ಬೇಡವೇ ಬೇಡ. ಈ ಮಗುವಿಗೆ ಕಫ ಹೊರಹಾಕಲು ಉಳಿದಿರುವುದು ಕೆಮ್ಮೊಂದೇ. ಮೂಗಿಗೆ ಎಣ್ಣೆ ಬಿಡುವ ಅಜ್ಜಿಯನ್ನೂ ತಡೆಯಿರಿ, ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ. ಎದೆಯ ಫಿಸಿಯೋಥೆರಪಿ ದಿನವೂ ನಡೆಯಲಿ, ಕಿವಿ ಪರೀಕ್ಷೆ ಬಿಡಬೇಡಿ. ಇಸಿಜಿ ತೆಗೆಯುವವರಿಗೆ ಹೃದಯ ಬಲಕ್ಕಿದೆ ಎಂದು ಮೊದಲೇ ಹೇಳಿ. ಅಂಗಗಳೆಲ್ಲ ತಿರುಗಿದ್ದರೆ ಅಪೆಂಡಿಕ್ಸ್ ನೋವೂ ಎಡಗಡೆ ಬರಬಹುದು.

ಕಾಯಿಲೆ ಖಚಿತವಾದರೆ ಮುಂದಿನ ಮಗುವಿಗೂ ಬರುವ ಸಂಭವ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆಮಗ ಎಂದು ಮನೆಯೊಳಗೇ ಮದುವೆಯಾಗುವವರಲ್ಲಿ ಇದು ಹೆಚ್ಚು.

ಪ್ರಶ್ನೆ: ಆರು ಬೆರಳು ಅದೃಷ್ಟವಂತೆ, ಹೌದೇ?

ಬೆರಳಿನ ಲೆಕ್ಕ ಇಡುವ ಹೆಜ್‌ಹಾಗ್ ಎಂಬ ಸಂಕೇತ ಸಾಗುವುದೂ ಸಿಲಿಯಾ ಮೂಲಕವೇ. ಆರನೇ ಬೆರಳಿನ ಜೊತೆಗೆ ಬೊಜ್ಜು, ಇರುಳುಗುರುಡು ಇದ್ದರೆ ಸಿಲಿಯಾ ಕಾಯಿಲೆಯೇ ಇರಬಹುದು; ಜಾತಕ ಮಡಚಿಟ್ಟು ಕಣ್ಣು, ಮೂತ್ರಪಿಂಡ ತೋರಿಸಿ.

ಪ್ರಶ್ನೆ: ಪಾಲಿಸಿಸ್ಟಿಕ್ ಕಿಡ್ನಿಯ ನೀರುಗುಳ್ಳೆ ಕರಗಿಸುವ ಕಷಾಯ?

ಇಲ್ಲ. ಬಿಪಿ ನೋಡಿಸಿಕೊಳ್ಳಿ.